ಟೈಮಿಂಗ್ ಬೆಲ್ಟ್: ಮೊದಲ ಸಲ ಮನೆಯಲ್ಲೇ ಬದಲಿಸುವವರಿಗೆ

"ಅಣ್ಣಾ, ಟೈಮಿಂಗ್ ಬೆಲ್ಟ್ ನಾವೇ ಹಾಕ್ಕೋಬಹುದಾ?" ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಹಳೆ ಕಾರು ಇಟ್ಟುಕೊಂಡಿರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಹಾಕಿಕೊಳ್ಳಬಹುದು. ಆದರೆ ಎಲ್ಲ ಗಾಡಿಗೂ ಅಲ್ಲ, ಆತುರದಲ್ಲಂತೂ ಖಂಡಿತ ಅಲ್ಲ. ಇದರಲ್ಲಿ ತೋಳ್ಬಲದ ಕೆಲಸ ಕಡಿಮೆ. ಗುರುತು ನೋಡುವುದೇ ಮುಕ್ಕಾಲು ಕೆಲಸ. ಬೆಲ್ಟ್ ಸುತ್ತಿಕೊಳ್ಳುವ ಗಾಲಿಗಳ, ಅಂದರೆ ಪುಲ್ಲಿಗಳ, ಮೇಲಿನ ಗುರುತು ಸರಿಯಾಗಿ ಕೂತರೆ ಎಂಜಿನ್ ಮೊದಲಿನ ಹಾಗೇ ಓಡುತ್ತದೆ. ತಪ್ಪಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುವವರೆಗೂ ಹೋಗಬಹುದು. ಹಾಗಾಗಿ ಪೂರ್ತಿ ಓದಿ, ಒಂದು ದಿನ ಬಿಟ್ಟು ಇನ್ನೊಂದು ಸಲ ಓದಿ, ಆಮೇಲೆ ಪಾನಾ ಹಿಡಿಯಿರಿ.

ಈ ಬೆಲ್ಟ್ ಮಾಡುವುದೇನು

ಎಂಜಿನ್‌ನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಇರುತ್ತದೆ. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವುದನ್ನು ಸುತ್ತುವ ಚಲನೆಯಾಗಿ ಮಾಡುವ ದಪ್ಪ ದಂಡ ಅದು. ಮೇಲೆ ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟ್ ಇರುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆಯುವುದು ಅದರ ಕೆಲಸ. ಇವೆರಡನ್ನೂ ಲೆಕ್ಕ ತಪ್ಪದ ಹಾಗೆ ಜೋಡಿಸಿ ಇಡುವುದೇ ಒಳಗಡೆ ಹಲ್ಲುಗಳಿರುವ ಈ ರಬ್ಬರ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಅದಕ್ಕೇ ಮೇಲಿನ ಪುಲ್ಲಿಯಲ್ಲಿ ಕೆಳಗಿನದರ ಎರಡರಷ್ಟು ಹಲ್ಲು ಇರುತ್ತವೆ. ಈ ಎರಡು–ಒಂದರ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಗೇಪಲ್ಲಿ ಕಡೆ ಹೆದ್ದಾರಿಯಲ್ಲಿ ನಿಮ್ಮ ಎಂಜಿನ್ 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ, ಓಡುತ್ತಿದೆ ಅಂದುಕೊಳ್ಳಿ. ಕ್ರ್ಯಾಂಕ್ ಒಂದು ಸೆಕೆಂಡಿಗೆ 50 ಸುತ್ತು ಬರುತ್ತದೆ. ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಬೆಲ್ಟ್ ತುಂಡಾದರೆ ಕ್ಯಾಮ್ ಅಲ್ಲೇ ನಿಂತುಬಿಡುತ್ತದೆ. ಪಿಸ್ಟನ್‌ಗಳು ಮಾತ್ರ ಇನ್ನೂ ಓಡುತ್ತಿರುತ್ತವೆ. ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತದೆ, ವಾಲ್ವ್ ಬೆಂಡ್ ಆಗುತ್ತದೆ. ಹೀಗೆ ಬಡಿಯುವಷ್ಟು ಹತ್ತಿರ ಇರುವ ಎಂಜಿನ್ನಿಗೆ ಇಂಟರ್‌ಫಿಯರೆನ್ಸ್ ಎಂಜಿನ್ ಅನ್ನುತ್ತಾರೆ. ನಿಮ್ಮದು ಆ ಥರದ್ದೇ ಅಂದುಕೊಂಡು ಕೆಲಸ ಮಾಡಿ. ಅದರಿಂದ ನಷ್ಟವೇನೂ ಇಲ್ಲ.

ನಿಮ್ಮ ಗಾಡಿಗೆ ಬೆಲ್ಟ್ ಇದೆಯೋ ಚೈನ್ ಇದೆಯೋ

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಮಾರುತಿ 800, ಓಮ್ನಿ, 796 ಸಿಸಿಯ ಆಲ್ಟೊ, ಹಳೆ ಝೆನ್, ಹಳೆ ಸ್ಯಾಂಟ್ರೊ, ಇವಕ್ಕೆಲ್ಲ ಬೆಲ್ಟ್. ಆಲ್ಟೊ ಕೆ10, ಕೆ-ಸೀರೀಸ್ ಎಂಜಿನ್ನಿನ ವ್ಯಾಗನ್ ಆರ್ ಮತ್ತು ಸ್ವಿಫ್ಟ್, 1.3 ಡೀಸೆಲ್ ಸ್ವಿಫ್ಟ್, ಇವಕ್ಕೆ ಚೈನ್. ಚೈನ್ ಇದ್ದರೆ ಈ ಲೇಖನ ನಿಮಗೆ ಅನ್ವಯಿಸುವುದಿಲ್ಲ.

ಬೆಲ್ಟ್ ಇರುವ ಗಾಡಿಗಳಲ್ಲೂ ಕೆಲವನ್ನು ಮೊದಲ ಸಲ ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಪಂಪಿನ ಪುಲ್ಲಿಯೂ ಸಾಮಾನ್ಯವಾಗಿ ಇದೇ ಬೆಲ್ಟಿಗೆ ಸೇರಿರುತ್ತದೆ. ಕೆಲವಕ್ಕೆ ಪುಲ್ಲಿ ಅಲ್ಲಾಡದಂತೆ ಹಿಡಿಯುವ ಲಾಕಿಂಗ್ ಪಿನ್ ಇಲ್ಲದೆ ಕೆಲಸ ಆಗುವುದೇ ಇಲ್ಲ. ಮೇಲೆ ಎರಡು ಕ್ಯಾಮ್ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಬೆಲ್ಟ್ ತೆಗೆದ ತಕ್ಷಣ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ತಾನಾಗೇ ಹಾರಿ ತಿರುಗಬಹುದು. ಅವೆರಡನ್ನೂ ಅನುಭವ ಇರುವವರಿಗೆ ಬಿಡಿ. ಒಂದೇ ಕ್ಯಾಮ್ ಇರುವ ಸಣ್ಣ ಪೆಟ್ರೋಲ್ ಎಂಜಿನ್ ಕಲಿಯುವವರಿಗೆ ಸರಿ. ಮುಂದೆ ಬರೆದಿರುವುದೆಲ್ಲ ಅದಕ್ಕೇ.

ಯಾವಾಗ ಬದಲಿಸಬೇಕು

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರ್ ಅಂತಿದೆಯೋ ಅದೇ ಲೆಕ್ಕ. ಜೊತೆಗೆ ಎಷ್ಟು ವರ್ಷ ಅಂತಲೂ ನೋಡಿ. ಗಾಡಿ ಓಡದೆ ನಿಂತಿದ್ದರೂ ರಬ್ಬರ್ ಹಳೆಯದಾಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಓಡುವ ಗಾಡಿಯ ಬೆಲ್ಟ್ ಕಿಲೋಮೀಟರ್ ಲೆಕ್ಕದಲ್ಲಿ ಹೊಸದು, ವಯಸ್ಸಿನ ಲೆಕ್ಕದಲ್ಲಿ ಮುದಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದೀರಿ, ಹಿಂದಿನವರು ಯಾವಾಗ ಹಾಕಿಸಿದರು ಗೊತ್ತಿಲ್ಲ ಅಂದರೆ, ಈಗಲೇ ಬದಲಿಸಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಕ್ರಷರ್ ದೂಳು. ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಕಲ್ಲು ಕ್ವಾರಿ ಹಾದಿಯಲ್ಲಿ ದಿನಾ ಓಡಾಡುವವರ ಗಾಡಿಯ ಒಳಗೆ ಬಿಳಿ ಪುಡಿ ಕೂತಿರುತ್ತದೆ. ಬೆಲ್ಟಿನ ಮೇಲೆ ಪ್ಲಾಸ್ಟಿಕ್ ಕವರ್ ಇದ್ದರೆ ಪರವಾಗಿಲ್ಲ. ಆದರೆ ಹಿಂದೆ ಯಾರೋ ಕೆಲಸ ಮಾಡಿ ಕೆಳಗಿನ ಕವರ್ ವಾಪಸ್ ಹಾಕದೇ ಬಿಟ್ಟಿರುತ್ತಾರೆ. ಆಗ ಕಲ್ಲಿನ ಪುಡಿ ಹಲ್ಲಿನ ಸಂದಿಗೆ ಸೇರಿ ಉಪ್ಪುಕಾಗದದ ಹಾಗೆ ರಬ್ಬರನ್ನು ಉಜ್ಜುತ್ತದೆ. ಸುಗ್ಗಿಯಲ್ಲಿ ಹುರುಳಿ, ರಾಗಿ ಒಕ್ಕಣೆಗೆ ರಸ್ತೆಯಲ್ಲಿ ಹರಡಿರುತ್ತಾರಲ್ಲ, ಆ ಸೊಪ್ಪೆಯೂ ಕೆಳಗಿನಿಂದ ಸುತ್ತಿಕೊಳ್ಳುತ್ತದೆ. ಕವರ್ ಇಲ್ಲದ ಗಾಡಿಯಾದರೆ ಪುಸ್ತಕದ ಲೆಕ್ಕಕ್ಕೆ ಕಾಯಬೇಡಿ.

ಏನೇನು ತಂದಿಟ್ಟುಕೊಳ್ಳಬೇಕು

ಸಾಮಾನು ಪೂರ್ತಿ ಕೈಗೆ ಬರುವವರೆಗೂ ಗಾಡಿ ಬಿಚ್ಚಬೇಡಿ. ಅರ್ಧ ಬಿಚ್ಚಿ, ಭಾನುವಾರ ಮಧ್ಯಾಹ್ನ ಸೀಲ್ ಹುಡುಕಿಕೊಂಡು ಹೋದರೆ ಅಂಗಡಿ ಮುಚ್ಚಿರುತ್ತದೆ.

ಪಾರ್ಟ್ಸ್: ಟೈಮಿಂಗ್ ಬೆಲ್ಟ್, ಟೆನ್ಷನರ್ ಬೇರಿಂಗ್, ಐಡ್ಲರ್ ಇದ್ದರೆ ಅದೂ, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್, ಹೊರಗಿನ ಫ್ಯಾನ್ ಬೆಲ್ಟ್. ಟೆನ್ಷನರ್ ಅಂದರೆ ಬೆಲ್ಟನ್ನು ಪಕ್ಕದಿಂದ ಒತ್ತಿ ಬಿಗಿಯಾಗಿ ಇಡುವ ಸಣ್ಣ ಗಾಲಿ. ಐಡ್ಲರ್ ಅಂದರೆ ಬೆಲ್ಟಿಗೆ ದಾರಿ ತೋರಿಸಲು ಸುಮ್ನೆ ತಿರುಗುವ ಗಾಲಿ. ಆಯಿಲ್ ಸೀಲ್ ಅಂದರೆ ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ರಿಂಗ್. ಬೆಲ್ಟ್ ಮಾತ್ರ ಹೊಸದು ಹಾಕಿ ಟೆನ್ಷನರ್ ಹಳೆಯದೇ ಬಿಡುವವರು ತುಂಬ ಜನ. ದಯವಿಟ್ಟು ಹಾಗೆ ಮಾಡಬೇಡಿ. ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹರಿಯುತ್ತದೆ. ಮತ್ತೆ ಇಷ್ಟೇ ಬಿಚ್ಚಬೇಕು.

ವಾಟರ್ ಪಂಪನ್ನು ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ, ಕೆಲವಲ್ಲಿ ಹೊರಗಿನ ಬೆಲ್ಟ್. ನಿಮ್ಮದು ಮೊದಲ ಥರದ್ದಾದರೆ ಪಂಪು, ಅದರ ಪ್ಯಾಕಿಂಗ್, ಎಂಜಿನ್ ತಣ್ಣಗಿಡುವ ದ್ರವವಾದ ಕೂಲೆಂಟ್, ಇವನ್ನೂ ಸೇರಿಸಿ ತನ್ನಿ.

ಖರೀದಿಯಲ್ಲಿ ಎಚ್ಚರ ಬೇಕು. ಬೆಲ್ಟಿನಲ್ಲಿ ಡೂಪ್ಲಿಕೇಟ್ ಇದೆ. ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ತಗೊಳ್ಳಿ, ಇಲ್ಲವಾದರೆ ನಂಬಿಕೆಯ ಅಂಗಡಿಯಲ್ಲಿ ಬಿಲ್ ಸಮೇತ ತಗೊಳ್ಳಿ. ನಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಗಾಡಿಯ ಪಾರ್ಟ್ಸ್ ಸಾಮಾನ್ಯವಾಗಿ ಸಿಗುತ್ತವೆ. ಆರ್‌ಸಿ ಕಾರ್ಡ್ ಜೊತೆಗಿರಲಿ. ಎಂಜಿನ್ ನಂಬರ್, ತಯಾರಾದ ವರ್ಷ ನೋಡಿ ಕೊಟ್ಟರೆ ಪಾರ್ಟ್ ತಪ್ಪುವುದಿಲ್ಲ.

ಸಾಮಾನು: 8ರಿಂದ 22ರವರೆಗಿನ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ಉದ್ದ ಹಿಡಿಕೆಯ ಬಾರ್, ಟಾರ್ಕ್ ರೆಂಚ್, ಜಾಕಿ, ಎರಡು ಜಾಕ್ ಸ್ಟ್ಯಾಂಡ್, ದಪ್ಪ ಮರದ ತುಂಡು, ಒಳ್ಳೆ ಟಾರ್ಚ್, ಬಿಳಿ ಬಣ್ಣದ ಪೆನ್ ಅಥವಾ ನೈಲ್ ಪಾಲಿಶ್, ವೇಸ್ಟ್ ಬಟ್ಟೆ. ಟಾರ್ಕ್ ರೆಂಚ್ ಅಂದರೆ ಬೋಲ್ಟನ್ನು ಎಷ್ಟು ಬಿಗಿ ಮಾಡಿದ್ದೀರಿ ಅಂತ ಅಳತೆ ತೋರಿಸುವ ಪಾನಾ. ಸ್ವಂತಕ್ಕೆ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್. ಗಾಡಿ ಕೊಂಡಾಗ ಕೊಡುವ ಪುಸ್ತಕ ಬೇರೆ, ಇದು ಬೇರೆ. ಗುರುತುಗಳ ಚಿತ್ರ, ಬೋಲ್ಟಿನ ಟಾರ್ಕ್, ಟೆನ್ಷನರ್ ಬಿಗಿ ಮಾಡುವ ಕ್ರಮ ಅದರಲ್ಲಿ ಇರುತ್ತವೆ. ಆ ಪುಟಗಳನ್ನು ಪ್ರಿಂಟ್ ಹಾಕಿಸಿ. ಗ್ರೀಸ್ ಕೈಯಲ್ಲಿ ಫೋನ್ ಉಜ್ಜುತ್ತಾ ಕೂರಲು ಆಗುವುದಿಲ್ಲ. ನಾನು ಇಲ್ಲಿ ಹೇಳುವ ಕ್ರಮಕ್ಕೂ ಆ ಮ್ಯಾನುಯಲ್‌ಗೂ ಎಲ್ಲಾದರೂ ವ್ಯತ್ಯಾಸ ಕಂಡರೆ ಮ್ಯಾನುಯಲ್ ಹೇಳಿದ ಹಾಗೇ ಮಾಡಿ.

ಜಾಗ ಮತ್ತು ಜೀವ

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮಣ್ಣಿನ ಅಂಗಳದಲ್ಲಿ ಜಾಕಿ ಕುಸಿಯುತ್ತದೆ. ಬೇರೆ ದಾರಿಯೇ ಇಲ್ಲ ಅಂದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ.

ನಮ್ಮ ಕಡೆ ಸೈಜುಗಲ್ಲಿಗೆ ಬರವಿಲ್ಲ. ಅದಕ್ಕೇ ಗಾಡಿ ಎತ್ತಿ ಕೆಳಗೆ ಸೈಜುಗಲ್ಲು, ಇಲ್ಲವೇ ಹಾಲೋ ಬ್ಲಾಕ್ ಜೋಡಿಸುವ ಅಭ್ಯಾಸ ಇದೆ. ಇದನ್ನು ಬಿಡಿ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಒಡೆಯುತ್ತದೆ, ಕಲ್ಲು ಜಾರುತ್ತದೆ. ಚಕ್ರಕ್ಕೆ ಅಡ್ಡ ಇಡಲು ಕಲ್ಲು ಬಳಸಿ, ಭಾರ ಹೊರಲು ಮಾತ್ರ ಬೇಡ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ.

ಜೊತೆಗೆ ಒಬ್ಬರು ಇರಲಿ. ಬ್ರೇಕ್ ಒತ್ತಲು ಬೇಕಾಗುತ್ತಾರೆ, ಏನಾದರೂ ಆದರೆ ಕೂಗಲೂ ಬೇಕಾಗುತ್ತಾರೆ.

ಇನ್ನು ಕೆಲಸ

1. ಎಂಜಿನ್ ಪೂರ್ತಿ ತಣ್ಣಗಿರಲಿ. ಹಿಂದಿನ ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರು ಮಾಡಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಯಾರಾದರೂ ಮರೆತು ಕೀ ತಿರುಗಿಸಿದರೂ ಸ್ಟಾರ್ಟರ್ ತಿರುಗಬಾರದು. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಎರಡೂ ಚಕ್ರಕ್ಕೆ ಅಡ್ಡ ಕೊಡಿ.

2. ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ತೆಗೆದ ಚಕ್ರವನ್ನು ಗಾಡಿಯ ಅಡಿಗೆ ಮಲಗಿಸಿ ಇಡಿ. ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಚಕ್ರದ ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಬಿಚ್ಚಿದರೆ ಕ್ರ್ಯಾಂಕ್ ಪುಲ್ಲಿ ಕಾಣುತ್ತದೆ.

3. ಫ್ಯಾನ್ ಬೆಲ್ಟ್, ಎಸಿ ಬೆಲ್ಟ್ ತೆಗೆಯಿರಿ. ತೆಗೆಯುವ ಮುಂಚೆ ಯಾವುದು ಯಾವ ದಾರಿಯಲ್ಲಿ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಒಂದೊಂದು ಹಂತಕ್ಕೂ ಒಂದು ಫೋಟೋ ಇರಲಿ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಮೊಟ್ಟೆ ಟ್ರೇ ಇದ್ದರೆ ಒಂದೊಂದು ಗುಳಿಗೆ ಒಂದು ಜಾಗದ ಬೋಲ್ಟ್ ಹಾಕಿ. ಒಂದೇ ಕವರಿನ ಬೋಲ್ಟುಗಳಲ್ಲೂ ಉದ್ದ ಗಿಡ್ಡ ಇರುತ್ತವೆ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ಬಿಗಿದರೆ ಒಳಗಿನ ಅಲ್ಯೂಮಿನಿಯಂ ಒಡೆಯುತ್ತದೆ.

4. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಬಿಚ್ಚುವ ಮುಂಚೆ ಸುತ್ತಲಿನ ದೂಳನ್ನು ಊದಿ ತೆಗೆಯಿರಿ, ಒಳಗೆ ಬೀಳಬಾರದು. ಪ್ಲಗ್ ಇಲ್ಲದಿದ್ದರೆ ಒಳಗೆ ಗಾಳಿಯ ಒತ್ತಡ ನಿಲ್ಲುವುದಿಲ್ಲ, ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ತೂತುಗಳಿಗೆ ಸ್ವಚ್ಛ ಬಟ್ಟೆ ಮುಚ್ಚಿ.

5. ಮೇಲಿನ ಟೈಮಿಂಗ್ ಕವರ್ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಎಂಜಿನ್ ಮೌಂಟ್ ಅಡ್ಡ ಬರುತ್ತದೆ. ಎಂಜಿನ್ನನ್ನು ಗಾಡಿಯ ಬಾಡಿಯ ಜೊತೆ ಹಿಡಿದಿಡುವ ರಬ್ಬರ್ ಹಿಡಿಕೆ ಅದು. ಅದನ್ನು ಬಿಚ್ಚಬೇಕಾದರೆ ಮೊದಲು ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರಿನ ಕೆಳಗೆ ಮರದ ತುಂಡು ಇಟ್ಟು, ಜಾಕಿಯಿಂದ ಮೆತ್ತಗೆ ಆಸರೆ ಕೊಡಿ. ಎತ್ತುವುದು ಬೇಡ, ಆಸರೆ ಸಾಕು. ಮರ ಇಲ್ಲದೆ ಜಾಕಿ ಕೊಟ್ಟರೆ ಚೇಂಬರ್ ತಗ್ಗಾಗುತ್ತದೆ.

6. ಈಗ ಗುರುತು. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದೇ.

ಗೇರ್ ನ್ಯೂಟ್ರಲ್‌ನಲ್ಲಿರಲಿ. ಕ್ರ್ಯಾಂಕ್ ಪುಲ್ಲಿಯ ಮಧ್ಯದ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನಕ್ಕೆ ತಿರುಗಿಸಿ. ಪುಲ್ಲಿಯ ಎದುರು ನಿಂತು ನೋಡಿದರೆ ಹೆಚ್ಚಿನ ಗಾಡಿಗಳಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕು. ನಿಮ್ಮದು ಯಾವುದು ಅಂತ ಮ್ಯಾನುಯಲ್ ನೋಡಿ. ಮೇಲಿನ ಕ್ಯಾಮ್ ಪುಲ್ಲಿಯ ಬೋಲ್ಟ್ ಹಿಡಿದು ಎಂಜಿನ್ ತಿರುಗಿಸಬೇಡಿ.

ನೀವು ತಲುಪಬೇಕಾದ ಜಾಗಕ್ಕೆ ಟಿಡಿಸಿ ಅನ್ನುತ್ತಾರೆ. ಮೊದಲ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲೆ ಬಂದು ನಿಲ್ಲುವ ಜಾಗ ಅದು. ಆಗ ಕ್ರ್ಯಾಂಕಿನ ಗುರುತು ಅದರ ಎದುರಿನ ಗುರುತಿಗೆ, ಕ್ಯಾಮ್ ಪುಲ್ಲಿಯ ಗುರುತು ಹೆಡ್ಡಿನ ಮೇಲಿನ ಗುರುತಿಗೆ, ಎರಡೂ ಒಟ್ಟಿಗೆ ಕೂರಬೇಕು.

ಕ್ರ್ಯಾಂಕ್ ಗುರುತು ಕೂತಿದೆ, ಕ್ಯಾಮ್ ಗುರುತು ಮಾತ್ರ ಪೂರ್ತಿ ಎದುರು ದಿಕ್ಕಿನಲ್ಲಿದೆ. ಇಲ್ಲಿ ತುಂಬ ಜನ ಗಾಬರಿಯಾಗುತ್ತಾರೆ. ಎರಡು–ಒಂದರ ಲೆಕ್ಕ ನೆನಪಿದೆ ಅಲ್ವಾ? ಕ್ರ್ಯಾಂಕ್ ಗುರುತು ಪ್ರತಿ ಸುತ್ತಿಗೂ ಬರುತ್ತದೆ, ಕ್ಯಾಮ್ ಗುರುತು ಎರಡು ಸುತ್ತಿಗೆ ಒಂದು ಸಲ. ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ, ಎರಡೂ ಕೂರುತ್ತವೆ.

ಇನ್ನೊಂದು ಗೊಂದಲ ಇದೆ. ಹೊರಗಿನ ಪುಲ್ಲಿಯ ಮೇಲಿರುವ ಗೆರೆ ಇಗ್ನಿಷನ್, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯ, ನೋಡಲು ಇರುವುದು. ಬೆಲ್ಟ್ ಕೂರುವ ಒಳಗಿನ ಹಲ್ಲಿನ ಪುಲ್ಲಿಗೆ ತನ್ನದೇ ಬೇರೆ ಗುರುತು ಇರುತ್ತದೆ. ಹೊರಗಿನದು, ಕೆಳಗಿನ ಕವರ್ ತೆಗೆದ ಮೇಲೆಯೇ ಅದು ಕಾಣುವುದು. ಕೊನೆಗೆ ಕೂರಿಸಬೇಕಾದ್ದು ಅದನ್ನೇ. ಕ್ಯಾಮ್ ಪುಲ್ಲಿಯಲ್ಲೂ ಕೆಲವು ಸಲ ಎರಡು ಮೂರು ಗುರುತು ಇರುತ್ತವೆ. ಯಾವುದು ನಿಮ್ಮ ಎಂಜಿನ್ನಿನದು ಅಂತ ಚಿತ್ರ ನೋಡಿಯೇ ತೀರ್ಮಾನಿಸಿ, ಅಂದಾಜು ಬೇಡ.

7. ಕ್ರ್ಯಾಂಕ್ ಪುಲ್ಲಿ ಬಿಚ್ಚಿ. ಕೆಲವು ಗಾಡಿಗಳಲ್ಲಿ ಹೊರಗಿನ ಪುಲ್ಲಿಯನ್ನು ನಾಲ್ಕೈದು ಸಣ್ಣ ಬೋಲ್ಟುಗಳೇ ಹಿಡಿದಿರುತ್ತವೆ. ಹಾಗಿದ್ದರೆ ಮಧ್ಯದ ದೊಡ್ಡ ಬೋಲ್ಟಿನ ತಂಟೆಗೆ ಹೋಗುವುದೇ ಬೇಡ. ಆಯಿಲ್ ಸೀಲ್ ಹಾಕಬೇಕಾದರೆ ಮಾತ್ರ ಅದನ್ನು ಬಿಚ್ಚಬೇಕಾಗುತ್ತದೆ.

ದೊಡ್ಡ ಬೋಲ್ಟ್ ಬಿಚ್ಚಲೇಬೇಕಾದರೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಜೊತೆಯಲ್ಲಿರುವವರು ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಉದ್ದ ಬಾರ್ ಹಾಕಿ ಒಂದೇ ಸಮ ಒತ್ತಿ. ಬಾರಿಗೆ ಎರಡು ಮೂರು ಅಡಿ ಜಿಐ ಪೈಪ್ ತೊಡಿಸಿದರೆ ಸುಲಭ. ಬೋರ್‌ವೆಲ್ ಇರುವ ಮನೆಯಲ್ಲಿ ಅಂಥ ತುಂಡು ಎಲ್ಲಾದರೂ ಬಿದ್ದಿರುತ್ತದೆ. ಟಕಟಕ ಅನ್ನುವ ರ‍್ಯಾಚೆಟ್ ಹಿಡಿಕೆಗೆ ಪೈಪ್ ಹಾಕಬೇಡಿ, ಒಳಗಿನ ಹಲ್ಲು ಮುರಿಯುತ್ತದೆ. ಬಾರನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ಹೊಡೆದು ಬಿಚ್ಚುವ ಒಂದು ವಿಧಾನವನ್ನು ಯಾರಾದರೂ ನಿಮಗೆ ಹೇಳುತ್ತಾರೆ. ಬಾರ್ ಹಾರಿದರೆ ಕೈಯೋ ಕಣ್ಣೋ ಹೋಗುತ್ತದೆ. ಬೇಡ.

ಬಿಚ್ಚುವಾಗ ಕ್ರ್ಯಾಂಕ್ ಸ್ವಲ್ಪ ಅಲುಗಾಡಿರುತ್ತದೆ. ಗೇರನ್ನು ಮತ್ತೆ ನ್ಯೂಟ್ರಲ್‌ಗೆ ತನ್ನಿ, ಕೆಳಗಿನ ಕವರ್ ತೆಗೆಯಿರಿ. ಆಮೇಲೆ ಗುರುತುಗಳನ್ನು ಮತ್ತೆ ಕೂರಿಸಿ.

8. ಹಳೆ ಬೆಲ್ಟ್ ಇನ್ನೂ ಅದರ ಜಾಗದಲ್ಲೇ ಇದೆ. ಈಗ ಬಿಳಿ ಪೆನ್ ತೆಗೆದುಕೊಳ್ಳಿ. ಕ್ಯಾಮ್ ಪುಲ್ಲಿಯ ಒಂದು ಹಲ್ಲು, ಅದಕ್ಕೆ ತಾಗಿದ ಬೆಲ್ಟಿನ ಬೆನ್ನು, ಎರಡಕ್ಕೂ ಸೇರುವ ಹಾಗೆ ಒಂದು ಗೆರೆ ಎಳೆಯಿರಿ. ಕೆಳಗಿನ ಪುಲ್ಲಿಗೂ ಹಾಗೇ. ಬೆಲ್ಟ್ ತೆಗೆದ ಮೇಲೆ ಈ ಎರಡು ಗೆರೆಗಳ ನಡುವೆ ಎಷ್ಟು ಹಲ್ಲಿದೆ ಅಂತ ಎಣಿಸಿ, ಹೊಸ ಬೆಲ್ಟಿನ ಮೇಲೂ ಅಷ್ಟೇ ಹಲ್ಲಿಗೆ ಗೆರೆ ಹಾಕಿಕೊಳ್ಳಬಹುದು. ಇದು ಎರಡನೇ ಸಾಕ್ಷಿ ಇದ್ದ ಹಾಗೆ, ಕಂಪನಿಯ ಗುರುತಿಗೆ ಬದಲಿ ಅಲ್ಲ. ಹಿಂದೆ ಹಾಕಿದವರೇ ಒಂದು ಹಲ್ಲು ತಪ್ಪಿಸಿದ್ದರೆ ನೀವೂ ಅದೇ ತಪ್ಪನ್ನು ನಕಲು ಮಾಡಿದ ಹಾಗಾಗುತ್ತದೆ.

ಟೆನ್ಷನರ್ ಬೋಲ್ಟ್ ಸಡಿಲಿಸಿ, ಗಾಲಿಯನ್ನು ಬೆಲ್ಟಿನಿಂದ ದೂರ ತಳ್ಳಿ, ಬೆಲ್ಟ್ ಜಾರಿಸಿ ತೆಗೆಯಿರಿ. ಇಲ್ಲಿಂದ ಹೊಸ ಬೆಲ್ಟ್ ಕೂರುವವರೆಗೆ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಸುಮ್ನೆ ತಿರುಗಿಸಬೇಡಿ. ಬೆಲ್ಟ್ ಇಲ್ಲದಾಗ ತಿರುಗಿಸಿದರೆ ಕೈಯಲ್ಲೇ ವಾಲ್ವ್ ಬೆಂಡ್ ಮಾಡಬಹುದು.

9. ಹಳೆ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿ. ಬೆನ್ನು ಹೊಳೆಯುತ್ತಿದೆಯಾ, ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ, ಅಂಚಿನಲ್ಲಿ ನೂಲು ಎದ್ದಿದೆಯಾ? ಅಂಚು ಒಂದೇ ಕಡೆ ಸವೆದಿದ್ದರೆ ಯಾವುದೋ ಗಾಲಿ ಓರೆಯಾಗಿದೆ ಅಂತ ಅರ್ಥ. ಎಣ್ಣೆ ಹತ್ತಿ ಉಬ್ಬಿದ್ದರೆ ಸೀಲ್ ಸೋರುತ್ತಿದೆ. ಸೀಲ್ ಸರಿ ಮಾಡದೆ ಹೊಸ ಬೆಲ್ಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹಳೆಯದು ಹೊಸದು ಎರಡನ್ನೂ ಪಕ್ಕ ಪಕ್ಕ ಇಟ್ಟು ಅಗಲ, ಹಲ್ಲಿನ ಆಕಾರ, ಹಲ್ಲಿನ ಒಟ್ಟು ಸಂಖ್ಯೆ ಹೋಲಿಸಿ. ಹಲ್ಲು ಎಣಿಸಲು ಐದು ನಿಮಿಷವೂ ಬೇಡ. ಒಂದು ಹಲ್ಲು ಕಡಿಮೆ ಇದ್ದರೂ ಅದು ನಿಮ್ಮ ಗಾಡಿಯ ಬೆಲ್ಟ್ ಅಲ್ಲ.

ಹಳೆ ಟೆನ್ಷನರ್ ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿ. ಒಳಗೆ ಮರಳು ಹಾಕಿದ ಹಾಗೆ ಸರಸರ ಸದ್ದು ಬಂದರೆ ಅದು ಸವೆದಿದೆ. ಹೊಸದನ್ನು ತಿರುಗಿಸಿ ನೋಡಿ, ಗ್ರೀಸಿನ ಬಿಗಿ ಕೈಗೆ ತಿಳಿಯುತ್ತದೆ, ಸದ್ದು ಇರುವುದಿಲ್ಲ.

ಸೀಲ್, ವಾಟರ್ ಪಂಪ್ ಬದಲಿಸುವುದಿದ್ದರೆ ಈಗಲೇ. ಪಂಪ್ ಬಿಚ್ಚುವ ಮುಂಚೆ ಕೂಲೆಂಟನ್ನು ಬೇಸಿನ್‌ಗೆ ಇಳಿಸಿ ಮುಚ್ಚಿಡಿ. ಅದು ಸಿಹಿಯಾಗಿರುತ್ತದೆ, ವಿಷ. ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಚರಂಡಿಗೆ, ಕೆರೆ ಕಡೆಗೆ ಹರಿಯುವ ಮೋರಿಗೆ ಸುರಿಯಬೇಡಿ. ಕೊನೆಗೆ ಪುಲ್ಲಿಗಳ ಮೇಲಿನ ಎಣ್ಣೆ, ದೂಳು ಒರೆಸಿ ಒಣಗಿಸಿ.

10. ಹೊಸ ಬೆಲ್ಟ್. ಕೈ ಸ್ವಚ್ಛ ಇರಲಿ. ಬೆಲ್ಟನ್ನು ಮಡಚಬೇಡಿ, ತಿರುಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಬೇಡಿ. ರಬ್ಬರಿನ ಒಳಗೆ ಸಣ್ಣ ಎಳೆಗಳಿವೆ. ಮಡಚಿದರೆ ಅವು ಮುರಿಯುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಗ್ರೀಸ್, ಬೆಲ್ಟ್ ಸ್ಪ್ರೇ ಏನೂ ಹಚ್ಚಬೇಡಿ. ಬೆಲ್ಟಿನ ಮೇಲೆ ಬಾಣದ ಗುರುತು ಇದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗೆ ಇರಬೇಕು.

ಮೊದಲು ಕೆಳಗಿನ ಕ್ರ್ಯಾಂಕ್ ಪುಲ್ಲಿಗೆ ಹಾಕಿ. ಅಲ್ಲಿಂದ ಟೆನ್ಷನರ್ ಇಲ್ಲದ ಕಡೆಯಿಂದ ಬಿಗಿಯಾಗಿ ಮೇಲಕ್ಕೆ ಎಳೆದುಕೊಂಡು ಹೋಗಿ ಕ್ಯಾಮ್ ಪುಲ್ಲಿಗೆ ಕೂರಿಸಿ. ಆಮೇಲೆ ಟೆನ್ಷನರ್ ಕಡೆ ಇಳಿಸಿ. ಸಡಿಲ ಏನಿದ್ದರೂ ಪೂರ್ತಿ ಟೆನ್ಷನರ್ ಕಡೆಗೇ ಬರಬೇಕು. ಆ ಇನ್ನೊಂದು ಬದಿ ತಂತಿಯ ಹಾಗೆ ನೆಟ್ಟಗಿರಬೇಕು.

ನಾನು ಮೊದಲ ಸಲ ಮಾಡಿದಾಗ ಇಲ್ಲೇ ತಪ್ಪಿತ್ತು. ಗುರುತು ಎರಡೂ ಸರಿಯಾಗಿ ಕಂಡವು. ಆದರೆ ಟೆನ್ಷನರ್ ಇಲ್ಲದ ಬದಿಯಲ್ಲಿ ಬೆಲ್ಟ್ ಚೂರು ಸಡಿಲ ಇತ್ತು. ಟೆನ್ಷನರ್ ಎಳೆದಾಗ ಕ್ಯಾಮ್ ಅಷ್ಟು ತಿರುಗಿ ಒಂದು ಹಲ್ಲು ಆಚೆ ಹೋಯಿತು. ಗಾಡಿ ಸ್ಟಾರ್ಟ್ ಏನೋ ಆಯಿತು. ನಿಂತಲ್ಲೇ ನಡುಗುತ್ತಿತ್ತು, ನಂದಿ ಬೆಟ್ಟದ ಏರಿನಲ್ಲಿ ಎರಡನೇ ಗೇರಲ್ಲೂ ಎಳೆಯಲಿಲ್ಲ. ವಾಪಸ್ ಬಂದು ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ಆವತ್ತಿನಿಂದ ಆ ಬಿಗಿ ಬದಿಯನ್ನು ಬೆರಳಲ್ಲಿ ಒತ್ತಿ ನೋಡದೆ ಮುಂದೆ ಹೋಗುವುದಿಲ್ಲ.

11. ಟೆನ್ಷನ್. ಸ್ಪ್ರಿಂಗ್ ಇರುವ ಟೆನ್ಷನರ್ ಆದರೆ ಬೋಲ್ಟನ್ನು ಸಡಿಲ ಬಿಡಿ, ಸ್ಪ್ರಿಂಗ್ ತಾನಾಗಿ ಎಳೆದುಕೊಳ್ಳುತ್ತದೆ. ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲಿ ಕೈಯಿಂದ ಎರಡು ಸುತ್ತು ತಿರುಗಿಸಿ, ಆಮೇಲೆ ಬೋಲ್ಟನ್ನು ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಕೆಲವಲ್ಲಿ ಸಣ್ಣ ಮುಳ್ಳು ಇರುತ್ತದೆ, ಅದನ್ನು ಗುರುತಿಗೆ ತರಬೇಕು. ಹಳೆ ಮೇಸ್ತ್ರಿಗಳು ಬೆಲ್ಟಿನ ಉದ್ದ ಬದಿಯನ್ನು ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು ತಿರುಚಿ ನೋಡುತ್ತಾರೆ. ಅಂದಾಜಿಗೆ ಅದು ಪರವಾಗಿಲ್ಲ, ಆದರೆ ಮ್ಯಾನುಯಲ್ ಹೇಳಿದ ಕ್ರಮ ಬಿಟ್ಟು ಅದನ್ನೇ ನಂಬಬೇಡಿ. ಜಾಸ್ತಿ ಬಿಗಿಯಾದರೆ ಬೆಲ್ಟ್ ಕುಯ್ಯೋ ಅನ್ನುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಸಡಿಲವಾದರೆ ಕವರಿಗೆ ಬಡಿಯುತ್ತದೆ, ಹಲ್ಲು ಜಿಗಿಯುತ್ತದೆ.

12. ಎರಡು ಸುತ್ತಿನ ಪರೀಕ್ಷೆ. ಕ್ರ್ಯಾಂಕನ್ನು ಕೈಯಿಂದ ಮತ್ತೆ ಪೂರ್ತಿ ಎರಡು ಸುತ್ತು ತಿರುಗಿಸಿ ಟಿಡಿಸಿಗೆ ತನ್ನಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಬಲ ಹಾಕಬೇಡಿ. ಅದು ಪಿಸ್ಟನ್ ವಾಲ್ವಿಗೆ ತಾಗಿರುವುದು. ಬೆಲ್ಟ್ ತೆಗೆದು ಮ್ಯಾನುಯಲ್ ಹೇಳುವ ಹಾಗೆ ಗುರುತುಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಖಚಿತ ಇಲ್ಲದಿದ್ದರೆ ಇಲ್ಲಿ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ.

ಸಲೀಸಾಗಿ ತಿರುಗಿದರೆ ಎರಡೂ ಗುರುತು ನೋಡಿ. ಕಣ್ಣನ್ನು ಗುರುತಿನ ನೇರಕ್ಕೆ ತಂದು ನೋಡಿ, ಮೇಲಿನಿಂದ ಬಗ್ಗಿ ನೋಡಿದರೆ ಅರ್ಧ ಹಲ್ಲಿನಷ್ಟು ಮೋಸ ಆಗುತ್ತದೆ. ನೀವೇ ಹಾಕಿದ ಬಿಳಿ ಗೆರೆಗಳು ಎರಡು ಸುತ್ತಿನ ನಂತರ ಬೆಲ್ಟಿನ ಜೊತೆ ಕೂಡುವುದಿಲ್ಲ, ಬೆಲ್ಟ್ ಜಾಗ ಬದಲಿಸಿರುತ್ತದೆ. ಅದಕ್ಕೆ ಹೆದರಬೇಡಿ. ಈಗ ನೋಡಬೇಕಾದ್ದು ಪುಲ್ಲಿಯ ಗುರುತು ಮಾತ್ರ. ಒಂದು ಹಲ್ಲು ಆಚೀಚೆ ಇದ್ದರೂ ಬಿಚ್ಚಿ ಮತ್ತೆ ಹಾಕಿ. "ಇಷ್ಟೇ ತಾನೇ, ನಡೆಯುತ್ತೆ ಬಿಡು" ಅನ್ನುವುದು ಈ ಕೆಲಸದಲ್ಲಿ ನಡೆಯುವುದಿಲ್ಲ.

13. ಬಿಚ್ಚಿದ್ದಕ್ಕೆ ತಿರುಗುಮುರುಗಾಗಿ ಜೋಡಿಸಿ. ಕೆಳಗಿನ ಕವರ್, ಕ್ರ್ಯಾಂಕ್ ಪುಲ್ಲಿ, ಮೌಂಟ್, ಮೇಲಿನ ಕವರ್, ಪ್ಲಗ್, ಹೊರಗಿನ ಬೆಲ್ಟುಗಳು. ಕ್ರ್ಯಾಂಕಿನ ಮೇಲೆ ಪುಲ್ಲಿ ತಪ್ಪದಂತೆ ಹಿಡಿಯುವ ಸಣ್ಣ ಕಬ್ಬಿಣದ ಕೀ ಇರುತ್ತದೆ. ಅದು ಬಿದ್ದುಹೋಗಿಲ್ಲ, ಅಂಚು ಸವೆದಿಲ್ಲ ಅಂತ ನೋಡಿ. ದೊಡ್ಡ ಬೋಲ್ಟ್ ಬಿಚ್ಚಿದ್ದರೆ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಅದು ಸಡಿಲಾದರೆ ಕೀ ತಿಂದು ಟೈಮಿಂಗೇ ತಪ್ಪುತ್ತದೆ.

ಕೂಲೆಂಟ್ ಇಳಿಸಿದ್ದರೆ ರೆಡಿ ಮಿಕ್ಸ್ ಹಾಕಿ, ಇಲ್ಲವೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ನಮ್ಮ ಬೋರ್‌ವೆಲ್ ನೀರು ಬೇಡ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೇವಲ್ಲ, ರೇಡಿಯೇಟರಿನ ಒಳಗೂ ಅದೇ ಕಟ್ಟುತ್ತದೆ.

14. ಸ್ಟಾರ್ಟ್. ಗಾಡಿಯ ಕೆಳಗೆ, ಬಾನೆಟ್ ಒಳಗೆ ಸಾಮಾನು ಉಳಿದಿಲ್ಲ ಅಂತ ಎಣಿಸಿ ನೋಡಿ. ಬ್ಯಾಟರಿ ಜೋಡಿಸಿ. ಬಾಗಿಲು ತೆರೆದ ಜಾಗದಲ್ಲಿ ಸ್ಟಾರ್ಟ್ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಆಕ್ಸಿಲರೇಟರ್ ಒತ್ತದೆ ಒಂದು ನಿಮಿಷ ಸದ್ದು ಕೇಳಿ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಎಂಜಿನ್ ನಡುಗಿದರೆ, ಗಾಡಿ ಎಳೆಯದಿದ್ದರೆ, ಎಂಜಿನ್ ಲೈಟ್ ಹತ್ತಿದರೆ ಒಂದು ಹಲ್ಲು ತಪ್ಪಿರಬಹುದು. ಪ್ಲಗ್ ವೈರ್ ಅದಲುಬದಲಾಗಿಲ್ಲ ಅಂತ ಮೊದಲು ನೋಡಿ, ಆಮೇಲೆ ಟೈಮಿಂಗ್ ಕವರ್ ಬಿಚ್ಚಿ.

ಎಲ್ಲ ಸರಿಯಿದ್ದರೆ ಫ್ಯಾನ್ ಒಂದು ಸಲ ಓಡುವವರೆಗೆ ಬಿಸಿಯಾಗಲು ಬಿಡಿ, ಸೋರಿಕೆ ನೋಡಿ. ಚಕ್ರದ ನಟ್ಟುಗಳನ್ನು ಗಾಡಿ ಇಳಿಸಿದ ಮೇಲೆ ಇನ್ನೊಂದು ಸಲ ಬಿಗಿ ಮಾಡಿ.

ಮೊದಲ ದಿನ ಊರೊಳಗೆ ಹತ್ತು ಕಿಲೋಮೀಟರ್ ಸಾಕು. ಬೆಟ್ಟ, ಹೆದ್ದಾರಿ ಮಾರನೇ ದಿನಕ್ಕಿರಲಿ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ಮಟ್ಟ ನೋಡಿ. ಒಳಗೆ ಸಿಕ್ಕಿದ್ದ ಗಾಳಿ ಹೊರಬಂದು ಮಟ್ಟ ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಆಯುಧಪೂಜೆಗೆ ಗಾಡಿ ತೊಳೆಯಲು ಕೊಟ್ಟಾಗ ಬಾನೆಟ್ ಒಳಗೆ, ಬೆಲ್ಟಿನ ಕವರ್ ಕಡೆಗೆ ಪ್ರೆಶರ್ ನೀರು ಬಿಡಬೇಡಿ ಅಂತ ಹೇಳಿ. ಒಂದು ಸ್ಟಿಕ್ಕರಿನಲ್ಲಿ ಇವತ್ತಿನ ತಾರೀಕು, ಮೀಟರಿನ ಕಿಲೋಮೀಟರ್ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಹಳೆ ಬೆಲ್ಟನ್ನು ಎರಡು ವಾರ ಎಸೆಯಬೇಡಿ. ಗಾಡಿಯಲ್ಲಿ ಏನಾದರೂ ಅನುಮಾನ ಬಂದು ಮೆಕ್ಯಾನಿಕ್ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಅದನ್ನೇ.